ಗುಂಡಪ್ಪನ ಭಾರ

ಮೊದಲ ಒಂದ ಮಾತ ಹೇಳಿಬಿಡ್ತೀನಿ. ಅವತ್ತ ನನ್ನ ಕೈಯಿಂದ ಬಿದ್ದದ್ದು ಕಲ್ಲು, ಕೂಸಲ್ಲ. ನಮ್ಮ ಬಳಗದವ್ರು ಈ ಕಥಿ ಹೇಳೂಮುಂದ ಕಲ್ಲಿನ ಮಾತ ನುಂಗಿ, "ಬಸವಣ್ಣೆವ್ವನ ಕೈಯಿಂದ ಬಿತ್ತಂತ!" ಅಂತ ಇಷ್ಟ ಹೇಳಿ ಸುಮ್ಮನಾಗ್ತಾರ. ಕೇಳಿದವ್ರು ಅಯ್ಯಯ್ಯ ಅಂತ ಎದಿ ಮ್ಯಾಲ ಕೈ ಇಟ್ಕೊಂತಾರ. ಅದಕ್ಕ ಈಗ ನಾನ ಹೇಳ್ತೀನಿ, ಪೂರ್ತಿ ಕೇಳ್ರಿ.

ನಾವು ಮೂಲ ಇಂಡಿ ಕಡೆಯವ್ರು. ನಮ್ಮೆಜಮಾನ್ರು ಈರಬಸಪ್ಪ, ಪುಣೆದ ಮಾರ್ಕೆಟ್ ಯಾರ್ಡಿನ್ಯಾಗ ಬೆಲ್ಲದ ಅಡತಿ ಅಂಗಡಿ ಇಟ್ಟಾರ. ಮಗ ಅಮರ ಚಾಕಣದಾಗ ಇಂಜಿನಿಯರು. ಸೊಸಿ ಸ್ನೇಹಲ್, ಮೊಮ್ಮಗಳು ಶಿವಾನಿ, ಎಲ್ಲಾರೂ ಕೊಂಢವಾದ ಒಂದ ಫ್ಲ್ಯಾಟಿನ್ಯಾಗ ಕೂಡಿ ಇರ್ತೀವಿ. ಅಂಗಡಿ ಛಲೋ ನಡೀತದ, ಮನಿ ಛಲೋ ನಡೀತದ. ನಡೀಲಾರದ್ದು ನನ್ನ ಕೈ ಒಂದ.

ನಮ್ಮ ಕಡೆ ಕೂಸನ್ನ ತೊಟ್ಟಲಕ್ಕ ಹಾಕೂ ದಿನ ಒಂದ ಪದ್ಧತಿ ಅದ. ರುಬ್ಬೂ ಗುಂಡಕಲ್ಲನ್ನ ತೊಳದು, ಕುಂಕುಮ ಹಚ್ಚಿ, ಕಾಡಿಗಿ ಇಟ್ಟು, ತಲಿಗೆ ಕೂಸಿನ ಕುಂಚಿಗಿ ಕಟ್ಟಿ, ಥೇಟ್ ಕೂಸು ಮಾಡ್ತೀವಿ. ಅದಕ್ಕ ಗುಂಡಪ್ಪ ಅಂತೀವಿ. ತೊಟ್ಟಲದ ಆ ಕಡೆ ಒಬ್ಬಾಕಿ, ಈ ಕಡೆ ಒಬ್ಬಾಕಿ ನಿಂತು, ಗುಂಡಪ್ಪನ್ನ ತೊಟ್ಟಲದ ಕೆಳಗಿಂದ ಕೊಡೂದು, ಮ್ಯಾಲಿಂದ ತಿರುಗಿ ತಗೊಳ್ಳೂದು. ಕೂಸು ಕಲ್ಲಿನಂಗ ಗಟ್ಟಿಯಾಗಿ ಬದುಕಲಿ ಅಂತ. ಗುಂಡಪ್ಪ ಒಂದ ಗಳಿಗಿ ತೊಟ್ಟಲದಾಗ ಮಲಗಿ ಎದ್ದ ಮ್ಯಾಲ ಖರೇ ಕೂಸಿನ ಪಾಳಿ. ನಮ್ಮ ಮನ್ಯಾಗ ಕೂಸನ್ನ ಮೊದಲ ಸಲ ತೊಟ್ಟಲಕ್ಕ ಹಾಕಾಕಿ ತಂದಿಯ ತಾಯಿ. ನಮ್ಮತ್ತಿ ಅಮರನ್ನ ಹಾಕಿದ್ಲು, ನಾ ಶಿವಾನಿನ್ನ ಹಾಕೀನಿ.

ಶಿವಾನಿ ಹುಟ್ಟಿದ ಮ್ಯಾಲ ಒಂದ ಮಳಿಗಾಲಕ್ಕ ನನಗ ಚಿಕೂನ್‌ಗುನ್ಯಾ ಬಂತು. ಕೀಲುಕೀಲು ಹಿಡಕೊಂಡ್ವು. ಡಾಕ್ಟರ್ ಒಂದ ತಿಂಗಳು ಆರಾಮ ತಗೋರಿ ಅಂದ. ನಮ್ಮ ಮನ್ಯಾಗ ಅದನ್ನ ಜಲ್ಮಕ್ಕ ಬರದ ಕೊಟ್ಟಂಗ ಮಾಡಿದ್ರು. "ಈರಬಸಪ್ಪನ ಹೆಂಡ್ತಿ ಯಾಕ ದುಡೀಬೇಕು? ಕುಂಡ್ರು" ಅಂದ್ರು ಯಜಮಾನ್ರು. ನಾನೂ ಕೂತೆ ನೋಡ್ರಿ! ಭಾಂಡಿಗೆ ಒಬ್ಬಾಕಿ ಬಂದ್ಲು, ಅಡಗಿಗೆ ಒಬ್ಬಾಕಿ ಬಂದ್ಲು, ರುಬ್ಬಾಕ ಮಿಕ್ಸರ್ ಬಂತು. ಕೂತು ಕೂತು ಕೈಕಾಲು ಸೊರಗಿದ್ವು. ಮೈ ಮಾತ್ರ ಸೊರಗಲಿಲ್ಲ.

ಹಿಂತಾದ್ರಾಗ ನನ್ನ ನೆಗೆಣ್ಣಿ ಇಂದೂನ ಮೊಮ್ಮಗನ ತೊಟ್ಟಲ ಬಂತು. ಇಂದೂ ಅಂದ್ರ ನನ್ನ ಮೈದುನನ ಹೆಂಡ್ತಿ, ಬಾಯಿ ಭಾಳ ಜೋರು. ನಾ ಗುಂಡಪ್ಪನ್ನ ಎತ್ತಿ ಕೊಡಾಕ ಹೋದೆ. ನಡುವ ಬೆರಳು ಬಿಟ್ಟಕೊಂಡ್ವು. ಧಪ್ ಅಂತ ಬಿತ್ತು, ಇಂದೂನ ಹೊಸಾ ಟೈಲ್ ಸೀಳಿ ಹೋತು. "ಕೂಸ ಇದ್ದಿದ್ರ ಏನ ಗತಿ ಆಗ್ತಿತ್ತ?" ಅಂತ ಇಂದೂ ಎಲ್ಲಾರ ಮುಂದ ಚೀರಿದ್ಲು. ಅವತ್ತ ಆ ಕೂಸಿನ ಕಾಲಬೆರಳನ್ನೂ ನನಗ ಮುಟ್ಟಗೊಡಲಿಲ್ಲ.

ಅವತ್ತಿಂದ ಮನ್ಯಾಗ ನನಗ ಚಾ ಕೊಟ್ರ ಸ್ಟೀಲ್ ವಾಟಗದಾಗ, ಅದೂ ಅರ್ಧಾ. ದೀಪಾವಳಿಗೆ ಹಣತಿ ತಾಟ ಹಿಡದ್ರ ಯಾರರೆ ಬಂದು ಕಸಗೊಂಡ ಹೋಗೂದು. ನಾ ಬೈದ್ರ "ನಿಮ್ಮ ಕಾಳಜಿಗೇ ಅಲ್ಲೇನ್ರಿ" ಅಂತಿದ್ರು. ಸುಡಗಾಡ ಕಾಳಜಿ!

ಹಿಂಗಿರೂಮುಂದ ಸ್ನೇಹಲ್‌ಗ ಎರಡನೇದ್ದು ದಿನ ನಿಂತ್ವು. ಆಕಿ ತವರಿನ್ಯಾಗ ತಾಯಿಗೆ ಆರಾಮಿಲ್ಲ, ಬಾಣಂತನ ನಮ್ಮ ಮನ್ಯಾಗ ಅಂತ ಠರಾವಾತು. ನಾ ಹಿಗ್ಗಿ ಹೀರಿಕಾಯಿ ಆಗಿದ್ದೆ. ಒಂದಿನ ಮಧ್ಯಾಹ್ನ ನೀರ ಕುಡ್ಯಾಕಂತ ಎದ್ದು ಅಡಗಿಮನಿ ಕಡೆ ಹೊಂಟಾಗ ಅಮರ ಹೆಂಡ್ತಿಗೆ ಹೇಳೂದು ಕಿವಿಗೆ ಬಿತ್ತು: "ತೊಟ್ಟಲಕ್ಕ ಹಾಕೂದು ಇಂದೂ ಕಾಕೂನ ಮಾಡ್ಲಿ. ಅವ್ವನ ಕೈ ಮ್ಯಾಲ ಭರೋಸ ಇಲ್ಲ."

ಸ್ನೇಹಲ್, "ಅತ್ತಿಗೆ ಭಾಳ ಕೆಟ್ಟ ಅನಸ್ತದ" ಅಂದ್ಲು. ಆಮ್ಯಾಗ ಸಣ್ಣ ದನಿಲೆ, "ಆದ್ರ ಖರೇ ಹೇಳ್ತೀನಿ, ನನಗೂ ಅಂಜಿಕಿ ಅದ."

ಅಮರನ ಮಾತಿಗೆ ನನಗ ಸಿಟ್ಟ ಬಂತು. ಸ್ನೇಹಲ್‌ನ ಮಾತಿಗೆ ಅಳು ಬಂತು. ಆಕಿ ನನಗ ಎಂದೂ ಎದುರ ಮಾತಾಡಿದಾಕಿ ಅಲ್ಲ. ಹೊಟ್ಟ್ಯಾಗಿನ ಕೂಸಿಗೆ ಅಂಜೂದು ತಾಯಿ ಗುಣ, ಅದಕ್ಕ ಏನ ಅನ್ನೂದು? ನೀರ ಕುಡೀಲಾರದ ಹೊಳ್ಳಿ ಬಂದೆ. ಹಾಸಗಿ ಮ್ಯಾಲ ಕೂತು ನನ್ನ ಎರಡೂ ಕೈ ನೋಡಕೊಂಡೆ. ಈ ಕೈಲೆ ಆ ಕೂಸನ್ನ ತೊಟ್ಟಲಕ್ಕ ಹಾಕಲಿಲ್ಲಂದ್ರ ನಾ ಬಸವಣ್ಣೆವ್ವನ ಅಲ್ಲ ಅಂತ ಅಂದಕೊಂಡೆ. ಅಂದಕೊಳ್ಳೂದು ಸಸಾರ, ಕೈಗೆ ತಿಳೀಬೇಕಲ್ಲ!

ಶಿವಾನಿ ಆವಾಗ ಮೂರನೇತ್ತೆ ದಾಟಿದ್ಲು. ಆಕಿನ್ನ ನಾ ಆಟೋದಾಗ ವ್ಯಾಯಾಮಶಾಲಿಗೆ ಕರ್ಕೊಂಡ ಹೋಗ್ತಿದ್ದೆ, ಹಗ್ಗದ ಮಲ್ಲಕಂಬ ಕಲ್ಯಾಕ. ಮ್ಯಾಲಿನ ತೊಲಿಯಿಂದ ಹಗ್ಗ ಇಳಿಬಿಟ್ಟಿರ್ತಾರ, ಹುಡುಗ್ಯಾರು ಅದನ್ನ ಕಾಲಬೆರಳಿನ್ಯಾಗ ಕಚ್ಚಿ ಹಿಡದು ಸರಸರ ಏರ್ತಾರ, ಅಲ್ಲೆ ಜೋತಾಡಕೋತ ಆಸನ ಹಾಕ್ತಾರ. ಶಿವಾನಿ ಒಮ್ಮೆ ನಡುವಿಂದ ಜಾರಿ ಬಿದ್ದಿದ್ಲು. ಕೆಳಗ ದಪ್ಪನ್ನ ಗಾದಿ ಇತ್ತು, ಮೈಗೇನೂ ಆಗಿರಲಿಲ್ಲ. ಆದ್ರ ಅವತ್ತಿಂದ ಅರ್ಧಾ ಏರಿದ್ಲಂದ್ರ ಅಲ್ಲೇ ಹಗ್ಗ ತಬ್ಬಿ ಅಳಾಕ ಸುರು ಮಾಡ್ತಿದ್ಲು.

ಆ ವಾರನೂ ಹಂಗ ಆತು. ನಾ ಬೆಂಚಿನ ಮ್ಯಾಲ ಕೂತು, "ಏರ ನನ್ನವ್ವಾ, ಏನಾಗೂದಿಲ್ಲ, ಗಟ್ಟಿ ಹಿಡಿ!" ಅಂತ ಒದರಿದೆ.

"ನೀ ಹಿಡದ ತೋರ್ಸು!" ಅಂತ ಅಲ್ಲಿಂದನ ಒದರಿದ್ಲು.

"ನನ್ನ ಕೈಗೆ ಹಿಡ್ತ ಇಲ್ಲವಾ!"

"ನಂದಕ್ಕೂ ಇಲ್ಲ!"

ಉಳದ ಹುಡುಗ್ಯಾರು ಕಿಸಕ್ಕಂತ ನಕ್ಕವು. ಕಲಿಸೂ ಟೀಚರ್ ಮಾಧುರಿ ನನ್ನ ಕಡೆ ಬಂದ್ಲು. ನಡುವಯಸ್ಸಿನಾಕಿ, ಗಟ್ಟಿ ಆಳು, ಮರಾಠಿ ಬಿಟ್ರ ಬ್ಯಾರೆ ಮಾತಿಲ್ಲ. ಒಂದ ಹಸೀ ಟಾವೆಲ್ ನನ್ನ ತೊಡಿ ಮ್ಯಾಲ ಒಗದು, "ಆಜಿ, ಕೂತ ಕೂತ ಒದರೂಕಿಂತ ಇದನ್ನ ಹಿಂಡ್ರಿ" ಅಂದ್ಲು.

ಹಿಂಡಿದೆ. ನಾಕ ಹನಿ ಬಿದ್ವು. ಮುಗೀತು ಅಂತ ಕೊಟ್ಟೆ. ಆಕಿ ತಗೊಂಡು ಒಂದ ತಿರುವು ತಿರುವಿದ್ಲು ನೋಡ್ರಿ, ನಳದಾಗ ಬಂದಂಗ ನೀರ ಬಂತು. ಮಾನ ಹೋತು ನಂದು. ಸಿಟ್ಟ ಬಂದು, ಮರಾಠಿಯೊಳಗ ಆಕಿಗೆ ನನ್ನ ಕಥಿ ಎಲ್ಲಾ ಹೇಳಿದೆ, ಚಿಕೂನ್‌ಗುನ್ಯಾದಿಂದ ಹಿಡದು ಇಂದೂನ ಟೈಲಿನ ತನಕ. ಆಕಿ ಪೂರ್ತಿ ಕೇಳಿದ್ಲು.

"ಕೂಸಿಗಿಂತ ಆ ಗುಂಡಪ್ಪ ಭಾರ ಏನ್ರಿ?" ಅಂದ್ಲು.

"ದುಪ್ಪಟ್ಟು ಭಾರ. ನಮ್ಮತ್ತಿ ಕಾಲದ ಕಲ್ಲು ಅದು."

"ಹಂಗಾದ್ರ ಗುಂಡಪ್ಪನ್ನ ಎತ್ತೂದ ಕಲೀರಿ. ಕೂಸು ತಾನ ಬರ್ತದ. ಮೊದಲ ಟಾವೆಲ್."

ಟಾವೆಲ್ ಹಿಂಡೂದು, ಆಮ್ಯಾಗ ಖುರ್ಚಿ ಮ್ಯಾಲ ಕೈ ಊರಲಾರದ ಕೂತು ಏಳೂದು, ಆಮ್ಯಾಗ ಕಾಲ ನೆಲದ ಮ್ಯಾಲ ಇಟ್ಟು ಹಗ್ಗಕ್ಕ ಜೋತಬೀಳೂದು. ಮೊದಲ ದಿನ ಮನಿಗೆ ಬಂದು ಜುಟ್ಟ ಹಾಕ್ಕೊಳ್ಳಾಕ ಕೈ ಎತ್ತಾಕ ಆಗಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ರ ಬಂದ ಮಾಡಿಸ್ತಿದ್ರು. ಮುಂಜಾನಿ ಎದ್ದು ಜ್ವಾಳದ ಡಬ್ಬಿಯೊಳಗ ಮೊಳಕೈತನಕ ಕೈ ತುರುಕಿ, ಮುಷ್ಟಿ ಬಿಗಿಯೂದು, ಬಿಡೂದು ಮಾಡ್ತಿದ್ದೆ. ಯಜಮಾನ್ರು ನೋಡಿ, "ಜ್ವಾಳದಾಗ ಏನ ಹುಡುಕಾಕತ್ತೀ?" ಅಂದ್ರು. "ನನ್ನ ಕೈ ಕಳದಾವ, ಹುಡುಕಾಕತ್ತೀನಿ" ಅಂದೆ. ಇಕಿಗೆ ತಲಿ ಕೆಟ್ಟದ ಅಂತ ಅಂಗಡಿಗೆ ಹೋದ್ರು.

ಟಾವೆಲ್ಲಿನಿಂದ ನೀರು ಧಾರಿ ಹಿಡದು ಬೀಳೂದು ಸುರು ಆದ ಮ್ಯಾಲ ಮಾಧುರಿ, "ಈಗ ಗುಂಡಪ್ಪನ್ನ ಕರ್ಕೊಂಡ ಬರ್ರಿ" ಅಂದ್ಲು. ಬಾಲ್ಕನಿ ಮೂಲ್ಯಾಗ ಬಿದ್ದಿದ್ದ ಕಲ್ಲನ್ನ ನಾನೂ ಶಿವಾನಿನೂ ಕೂಡಿ ಬಟ್ಟಿ ಚೀಲಕ್ಕ ಹಾಕಿದ್ವಿ. ಶಿವಾನಿ ಅದರ ಹಣಿಗೆ ಕುಂಕುಮ ಹಚ್ಚಿ, ತನ್ನ ಹಳೀ ಕುಂಚಿಗಿ ತಂದು ತಲಿಗೆ ಕಟ್ಟಿದ್ಲು, ಥಂಡಿ ಆಗಬಾರದಂತ. ಆಟೋದಾವ ಚೀಲದಾಗ ಇಣುಕಿ ನೋಡಿದ. ಕರ್ರಗ, ದುಂಡಗ, ಹಣಿಗೆ ಕುಂಕುಮ. ಲಗುಲಗು ಕೈ ಮುಗದು, "ದೇವ್ರು ಎಲ್ಲಿಗೆ ಹೊಂಟಾನ?" ಅಂತ ಮರಾಠಿಯೊಳಗ ಕೇಳಿದ.

"ವ್ಯಾಯಾಮಕ್ಕ" ಅಂದೆ. ಆ ಪುಣ್ಯಾತ್ಮ ದಾರಿ ಪೂರ್ತಿ ಒಂದ ಸಲನೂ ಹಾರ್ನ್ ಹೊಡೀಲಿಲ್ಲ.

ಗಾದಿ ಮ್ಯಾಲ ನಿಂತು ಎತ್ತಿದೆ. ಹೊಟ್ಟಿತನಕ ಬಂತು, ಬೆರಳು ನಡುಗಿದ್ವು, ಧಪ್! ಆ ಸಪ್ಪಳ ಕೇಳಿದ್ದ ತಡ ನನಗ ಇಂದೂನ ಟೈಲ್ ಕಂಡಂಗಾತು, ಮೈಯೆಲ್ಲಾ ಬೆವತು ಹೋತು.

"ಛಲೋ ಆತು" ಅಂದ್ಲು ಮಾಧುರಿ. "ಈಗ ಮತ್ತೊಮ್ಮೆ ಎತ್ರಿ, ಈ ಸಲ ಬೇಕಂತನ ಬಿಡ್ರಿ."

"ಬೇಕಂತ ಬಿಡೂದಾ?"

"ಬೀಳಸ್ರಿ, ಎತ್ರಿ. ಬೀಳಸ್ರಿ, ಎತ್ರಿ. ಬೀಳೂದರ ಸಪ್ಪಳಕ್ಕ ನೀವು ಅಂಜೀರಿ, ಭಾರಕ್ಕಲ್ಲ."

ಹಂಗ ಆ ದಿನ ಪೂರ್ತಿ ಗುಂಡಪ್ಪನ್ನ ಎತ್ತಿ ಎತ್ತಿ ಒಗದೆ. ಹುಡುಗ್ಯಾರಿಗೆ ಅದ ಒಂದ ಆಟ ಆತು. ಬಿದ್ದಾಗೊಮ್ಮೆ ಚಪ್ಪಾಳಿ ಹೊಡದು ಕುಣದ್ವು. ಶಿವಾನಿ ನೋಡ್ಕೋತ ನಿಂತಿದ್ಲು. ಆಮ್ಯಾಗ ಸುಮ್ಮನ ಹೋಗಿ ಹಗ್ಗ ಹಿಡದು ಮೊಳಕಾಲ ಎತ್ತರಕ್ಕ ಏರಿ, ಬೇಕಂತನ ಕೈ ಬಿಟ್ಟು ಗಾದಿ ಮ್ಯಾಲ ಬಿದ್ಲು. ಎದ್ಲು. ಒಂದೀಟ ಮ್ಯಾಲ ಏರಿ ಮತ್ತ ಬಿದ್ಲು. ಬಿದ್ದು ನಕ್ಕಳು. ಆ ಹುಡುಗಿ ಹಗ್ಗದ ಮ್ಯಾಲ ನಕ್ಕಿದ್ದನ್ನ ನಾ ಭಾಳ ದಿನದ ಮ್ಯಾಲ ನೋಡಿದೆ.

ಎಲ್ಲಾ ಸುರಳೀತ ನಡದಿತ್ತು. ಹಿಂತಾ ಹೊತ್ತಿನ್ಯಾಗ ಸ್ನೇಹಲ್‌ನ ಕುಬಸ, ಅಂದ್ರ ಸೀಮಂತ, ಬಂತು. ಮನಿ ತುಂಬ ಹೆಣಮಕ್ಕಳು. ನನಗ ಜ್ವಾಳದ ಡಬ್ಬಿಯ ಸೊಕ್ಕು ಏರಿತ್ತು, ಹೋಳಿಗಿ ತುಂಬಿದ ಪರಾತ ನಾನ ಎತ್ತಿಕೊಂಡು ಹೊರಗ ಬಂದೆ. ಕೈ ಗಟ್ಟಿನ ಇದ್ವು, ಆಣಿ ಮಾಡಿ ಹೇಳ್ತೀನಿ. ಇಂದೂ ಹಿಂದಿಂದ, "ಏ ಬಿಡ್ತೀ, ಬಿಡ್ತೀ!" ಅಂತ ಚೀರಿದ್ಲು. ನಾ ಬೆಚ್ಚಿಬಿದ್ದು ಬಿಟ್ಟೇಬಿಟ್ಟೆ. ಹೋಳಿಗಿ ಎಲ್ಲಾ ನೆಲಪಾಲು.

ಯಾರೂ ಬೈಲಿಲ್ಲ. ಬೈದಿದ್ರ ಛಲೋ ಇತ್ತು. ಅಮರ ಬಂದು ನನ್ನ ಹೆಗಲ ಮ್ಯಾಲ ಕೈ ಇಟ್ಟು, "ಯಾಕ ಬೇಕಿತ್ತವ್ವಾ ನಿನಗ ಇದು?" ಅಂದ. ಸ್ನೇಹಲ್ ತನಗ ಗೊತ್ತಿಲ್ಲದನ ಹೊಟ್ಟಿ ಮ್ಯಾಲ ಕೈ ಇಟ್ಕೊಂಡ್ಲು. ಅದನ್ನ ನೋಡಿದ ಮ್ಯಾಲ ನನ್ನ ಜೀವದಾಗ ಏನೂ ಉಳೀಲಿಲ್ಲ. ಗುಂಡಪ್ಪನ್ನ ಹೊಳ್ಳಿ ಬಾಲ್ಕನಿಗೆ ಹಾಕಿದೆ. ವ್ಯಾಯಾಮಶಾಲಿಗೆ ಹೋಗೂದು ಬಿಟ್ಟೆ. ಶಿವಾನಿನ್ನ ಬಿಡಾಕ ಯಜಮಾನ್ರಿಗೆ ಹೇಳಿದೆ.

ಆದ್ರ ಶಿವಾನಿ ಅಜ್ಜನ ಜೋಡಿ ಹೋಗೂದಿಲ್ಲಂತ ಹಟಾ ಹಿಡದ್ಲು. ಕಡೀಕ ಒಂದ ಸಂಜಿ ನಾನ ಹೊಂಟೆ, ಬಿಟ್ಟ ಬರ್ತೀನಂತ. ಹುಡುಗಿ ಸಾಲಿ ಚೀಲ ಬೆನ್ನಿಗೆ ಹಾಕ್ಕೊಂಡು ಡೊಗ್ಗಿ ಡೊಗ್ಗಿ ನಡದಿದ್ಲು. "ಏನ ತುಂಬೀಯ ಅದರಾಗ?" ಅಂದ್ರ ಚೀಲದ ಪಟ್ಟಿ ಇನ್ನೂ ಬಿಗಿ ಹಿಡದ್ಲು. ಅಲ್ಲಿ ಹೋಗಿ ಚೀಲ ಬಿಚ್ಚಿ, ಕುಂಚಿಗಿ ಕಟ್ಟಿದ ಗುಂಡಪ್ಪನ್ನ ಹೊರಗ ತಗದು ಗಾದಿ ಮ್ಯಾಲ ಕುಂಡ್ರಿಸಿದ್ಲು. ನನ್ನ ಕಡೆ ನೋಡಲಿಲ್ಲ. ಸೀದಾ ಹೋಗಿ ಹಗ್ಗ ಹಿಡದ್ಲು.

ಅರ್ಧಾ ಏರಿದ್ಲು, ನಿಂತಳು. ಈಗ ಅಳ್ತಾಳ ಅಂದಕೊಂಡೆ. ಅಳಲಿಲ್ಲ. ಕಾಲಬೆರಳು ಹಗ್ಗ ಕಚ್ಚಿದ್ವು, ಮತ್ತ ಏರಿದ್ಲು, ಮತ್ತ ಏರಿದ್ಲು, ಮ್ಯಾಲ ತೊಲಿ ಮುಟ್ಟಿದ್ಲು! ಹುಡುಗ್ಯಾರೆಲ್ಲಾ ಕೇಕಿ ಹಾಕಿದ್ರು. ನಾ ಖುಷಿಲೆ ಎದ್ದ ನಿಂತೆ.

"ಅಜ್ಜೀ!" ಅಂತ ಮ್ಯಾಲಿಂದ ಕೂಗಿದ್ಲು. "ಈಗ ನೀ ಎತ್ತು! ತಲಿ ಮ್ಯಾಲ! ಎತ್ತೂತನಕ ನಾ ಇಳಿಯಂಗಿಲ್ಲ!"

"ಏ ಹುಚ್ಚಿ, ಇಳಿ ಕೆಳಗ!"

"ಇಳಿಯಂಗಿಲ್ಲ!"

"ನಿಮ್ಮಪ್ಪಗ ಹೇಳ್ತೀನಿ ನೋಡು!"

"ಹೇಳ್ಹೋಗು!"

ಮಾಧುರಿ ಹಗ್ಗದ ಬುಡಕ್ಕ ಹೋಗಿ ನಿಂತು, ತಣ್ಣಗ ನನಗಂದ್ಲು: "ಆಕಿ ಕೈ ದಣಿಯೂಕಿಂತ ಮೊದಲ ಎತ್ತಿಬಿಡ್ರಿ ಆಜಿ."

ನನಗ ಎಂಥಾ ಸಿಟ್ಟ ಬಂತಂದ್ರ! ಆ ಹುಡುಗಿ ಮ್ಯಾಲ, ಮಾಧುರಿ ಮ್ಯಾಲ, ಇಂದೂ ಮ್ಯಾಲ, ಹೋಳಿಗಿ ಮ್ಯಾಲ, ನನಗ ಅರ್ಧಾ ಚಾ ಕೊಟ್ಟವ್ರ ಎಲ್ಲಾರ ಮ್ಯಾಲ. ಸೀರಿ ಕಚ್ಚಿ ಬಿಗದೆ. ಮಾಧುರಿ ಕಲಿಸಿದಂಗ ಬೆನ್ನ ನೆಟ್ಟಗಿಟ್ಟು ತೊಡಿ ಮ್ಯಾಲ ಭಾರ ಹಾಕಿ ಕೂತೆ. ಎರಡೂ ಕೈ ಗುಂಡಪ್ಪನ ಬುಡಕ್ಕ ಹಾಕಿ ಎದ್ದೆ. ಎದಿಗೆ ಬಂತು. ಉಸರ ಹಿಡದೆ. ಗದ್ದಕ್ಕ ಬಂತು. ಯಾರೋ "ಅಜೂನ್, ಆಜಿ, ಅಜೂನ್!", ಇನ್ನೂ ಮ್ಯಾಲ ಅಂತ ಕೂಗಿದ್ರು. "ಯಪ್ಪಾ ಬಸವಣ್ಣಾ!" ಅಂತ ಒದರಿ ಎತ್ತೇಬಿಟ್ಟೆ. ಗುಂಡಪ್ಪ ನನ್ನ ತಲಿ ಮ್ಯಾಲ ಕುಂಚಿಗಿ ಕಟ್ಕೊಂಡ ಕೂತಿದ್ದ. ಕೈ ನಡುಗಲಿಲ್ಲ.

ಶಿವಾನಿ ಸರ್ರಂತ ಇಳದು ಬಂದು ನನ್ನ ಹೊಟ್ಟಿಗೆ ತೆಕ್ಕಿ ಬಿದ್ಲು. ಗುಂಡಪ್ಪನ್ನ ನಾ ಒಗೀಲಿಲ್ಲ ಆ ದಿನ. ಮೆತ್ತಗ ಇಳಿಸಿ ಇಟ್ಟೆ. ಮಾಧುರಿ ಎಂದೂ ಹೊಗಳದಾಕಿ, ನನ್ನ ಬೆನ್ನ ಮ್ಯಾಲ ಒಂದ ಗುದ್ದ ಗುದ್ದಿದ್ಲು, ಅಷ್ಟ.

ಹೆಣ್ಣ ಕೂಸು ಹುಟ್ಟಿತು. ತೊಟ್ಟಲದ ದಿನ ನಮ್ಮ ಬಿಲ್ಡಿಂಗಿನ ಕೆಳಗಿನ ಹಾಲಿನ್ಯಾಗ ಕಾರ್ಯಕ್ರಮ ಇಟ್ಟಿದ್ವಿ. ಬಳಗ ಎಲ್ಲಾ ಕೂಡಿತ್ತು. ಇಂದೂ ಹೊಸಾ ಇಳಕಲ್ಲ ಸೀರಿ ಉಟ್ಟು, ಕೈಚೀಲದಿಂದ ಯಾಲಕ್ಕಿ ಕುಟ್ಟೂ ಸಣ್ಣ ಹಾಲಗಲ್ಲಿನ ಗುಂಡ ತಗದ್ಲು. "ಇದು ಹಗುರ ಅದ. ಬಿದ್ರೂ ಚಿಂತಿ ಇಲ್ಲ" ಅಂತ ನನ್ನ ಮಾರಿ ನೋಡಿ ನಕ್ಕಳು.

"ಇದಕ್ಕ ಕುಂಚಿಗಿ ಕಟ್ಟಿದ್ರ ಮೆಣಸಿನಕಾಯಿ ಕಂಡಂಗ ಕಾಣ್ತದ" ಅಂದೆ. "ಶಿವಾನಿ, ಗುಂಡಪ್ಪನ್ನ ತಗೊಂಬಾ."

ಅಮರ ಲಗುನ ನನ್ನ ಹಂತ್ಯಾಕ ಬಂದ. "ಅವ್ವಾ, ಎಲ್ಲಾರ ಮುಂದ ಬ್ಯಾಡ" ಅಂದ. ಯಜಮಾನ್ರು ಕೆಮ್ಮಿದ್ರು. ಸ್ನೇಹಲ್ ಕೂಸನ್ನ ಎದಿಗೆ ಅವಚಿಕೊಂಡು ಕಟ್ಟಗಿ ಮಣಿ ಮ್ಯಾಲ ಕೂತಿದ್ಲು, ನನ್ನ ಕೈಯನ್ನ ನೋಡಾಕತ್ತಿದ್ಲು. ನಾ ಖಾಲಿ ತೊಟ್ಟಲದ ಈ ಕಡೆ ಹೋಗಿ ನಿಂತು, ಗುಂಡಪ್ಪನ್ನ ಎತ್ತಿದೆ. ಎದಿಗೆ ಹಿಡಕೊಂಡು, "ಆ ಕಡೆ ಯಾರ್ ನಿಲ್ತೀರಿ ಬರ್ರಿ" ಅಂದೆ.

ಇಂದೂನ ಬಂದ್ಲು. ಸೋಲಾಕಿ ಅಲ್ಲ ಆಕಿ.

ನಾ ಮೊಳಕಾಲ ಮಡಚಿ ಕೂತು, ತೊಟ್ಟಲದ ಕೆಳಗಿಂದ ಗುಂಡಪ್ಪನ್ನ ಮುಂದ ಮಾಡಿದೆ. ಇಂದೂ ಡೊಗ್ಗಿ ಎರಡೂ ಕೈಲೆ ತಗೊಂಡ್ಲು. ಎದ್ಲು. ಮ್ಯಾಲಿಂದ ನನಗ ಕೊಡಬೇಕು. ತೊಟ್ಟಲದ ಅಂಚಿನ ತನಕ ಎತ್ತಿದ್ಲು, ಅಲ್ಲೆ ಮೊಳಕೈ ನಡುಗಾಕ ಹತ್ತಿದ್ವು, ಮಾರಿ ಕೆಂಪಾತು. ಬೆರಳು ಒಂದೊಂದ ಬಿಚ್ಚೂದು ನನಗ ಕಾಣಸ್ತಿತ್ತು. ಆ ಬೆರಳಿನ ಕಷ್ಟ ಈ ಹಾಲಿನ್ಯಾಗ ನನಗಲ್ಲದ ಯಾರಿಗೆ ಗೊತ್ತು? "ಯವ್ವಾ, ಹೋತು!" ಅಂದ್ಲು.

ನಾ ತೊಟ್ಟಲದ ಮ್ಯಾಲಿಂದ ಬಗ್ಗಿ ಎರಡೂ ಅಂಗೈ ಗುಂಡಪ್ಪನ ಬುಡಕ್ಕ ಕೊಟ್ಟೆ. ಭಾರ ಪೂರ್ತಿ ನನ್ನ ಮ್ಯಾಲ ಬಂತು. ನಿಂತಿತು.

ಇಂಥಾ ದಿನ ಬಂದ್ರ ಇಂದೂಗ ಏನೇನ ಅನಬೇಕಂತ ಎಷ್ಟೋ ಸಲ ಮನಸ್ಸಿನ್ಯಾಗ ಹೊಂದಿಸಿ ಇಟ್ಟಿದ್ದೆ. ಟೈಲಿಂದು, ಹೋಳಿಗಿದು, ಎಲ್ಲಾ. ಆಕಿ ಕಣ್ಣಾಗ ನೀರ ನೋಡಿದ್ದ ತಡ ಒಂದೂ ನೆನಪಾಗಲಿಲ್ಲ.

"ಬಿಡು ಇಂದೂ" ಅಂದೆ. "ನಾ ಹಿಡದೀನಿ."

ಇಂದೂ ಕೈ ಬಿಟ್ಲು. ಸೆರಗಿಲೆ ಮಾರಿ ಒರಸಿಕೊಂಡು ಹಿಂದ ಸರದು, ಯಾರಿಗೂ ಕೇಳಸಬಾರದಂಗ ನನಗ, "ಇದನ್ನ ಎಲ್ಲೆ ಕಲ್ತೀ, ನನಗೂ ಹೇಳ." ಅಂತ ಕೇಳಿದ್ಲು. ಆಕಿ ಜಾಗಾದಾಗ ಶಿವಾನಿ ಬಂದು ನಿಂತಳು. ಮುತ್ತೈದ್ಯಾರ ನಿಲ್ಲಬೇಕಂತ ಒಂದಿಬ್ರು ಗುಣುಗುಣು ಅಂದ್ರು, ನಾ ಕಣ್ಣ ತಗದೆ, ಸುಮ್ಮನಾದ್ರು. ಅಜ್ಜಿ ಮೊಮ್ಮಗಳು ಕೂಡಿ ಗುಂಡಪ್ಪನ್ನ ಕೆಳಗಿಂದ, ಮ್ಯಾಲಿಂದ ಸುತ್ತಿಸಿದ್ವಿ. ಶಿವಾನಿಯ ಅಂಗೈ ಹಗ್ಗ ತಿಕ್ಕಿ ತಿಕ್ಕಿ ಒರಟಾಗಿದ್ವು, ಒಂದ ಸಲನೂ ಜಾರಲಿಲ್ಲ. ಹೆಣಮಕ್ಕಳು ಎದ್ದ ನಿಂತು ಚಪ್ಪಾಳಿ ಹೊಡದ್ರು. ಯಜಮಾನ್ರು ಬಾಯಿ ತಗದು ನೋಡಿದ್ರು, ಜ್ವಾಳದ ಡಬ್ಬಿ ಈಗ ತಿಳೀತು ಅವ್ರಿಗೆ.

ಗುಂಡಪ್ಪ ತೊಟ್ಟಲದಾಗ ಮಲಗಿ ಎದ್ದ. ಈಗ ಕೂಸಿನ ಪಾಳಿ. ಅಮರ ಇಂದೂನ ಕಡೆ ನೋಡಿದ, ನನ್ನ ಕಡೆ ನೋಡಿದ, ಏನ ಮಾಡಬೇಕಂತ ತಿಳೀಲಿಲ್ಲ ಅವಂಗ. ಸ್ನೇಹಲ್ ತಾನ ಮಣಿಯಿಂದ ಎದ್ಲು. ನಡಕೋತ ಸೀದಾ ನನ್ನ ಮುಂದ ಬಂದ್ಲು.

"ಅತ್ತೀ, ತಗೋರಿ" ಅಂದ್ಲು.

ತಗೊಂಡೆ. ಗುಂಡಪ್ಪನ್ನ ಎತ್ತಿದ ಕೈಗೆ ಕೂಸು ಭಾರ ಅನಸಲಿಲ್ಲ. ಬೆಚ್ಚಗ ಇತ್ತು, ಬಾಯಿ ಆಡಸ್ತಿತ್ತು. ಅದರ ಸಣ್ಣ ಕೈ ನನ್ನ ಬೆರಳು ಹುಡುಕಿ ಗಟ್ಟಿ ಹಿಡಕೊಂಡಿತು. ಆವಾಗ ನನಗ ತಡಕೊಳ್ಳಾಕ ಆಗಲಿಲ್ಲ, ಅಳು ಒತ್ತಿ ಬಂತು, ಭುಜ ನಡುಗಿ ಕೈನೂ ನಡುಗಿದ್ವು.

ಅಮರ ಅಂಜಿ ಎರಡೂ ಕೈ ಮುಂದ ಮಾಡಿದ. ಸ್ನೇಹಲ್ ಅವನ ಕೈ ಹಿಂದಕ್ಕ ಸರಿಸಿದ್ಲು.

"ಇರ್ಲಿ ಬಿಡ್ರಿ" ಅಂದ್ಲು. "ಅತ್ತಿ ಹಿಡದಾರ."